ಕೂಪನ್ ಕಾಗದದಲ್ಲೂ ಇರಲಿ

ಮಾನ್ಯ ಸಂಪಾದಕರೇ,

ದಿನಸಿ ಖರ್ಚು ಕಡಿಮೆ ಮಾಡುವುದು ಹೇಗೆ ಅಂತ ಪತ್ರಿಕೆಗಳಲ್ಲಿ ಆಗಾಗ ಸಲಹೆ ಬರುತ್ತದೆ. ಆ್ಯಪ್ ಹಾಕಿಕೊಳ್ಳಿ, ಕೂಪನ್ ಬಳಸಿ, ಪಾಯಿಂಟ್ ಕೂಡಿಡಿ ಎನ್ನುತ್ತಾರೆ. ಓದಿದವರಿಗೆಲ್ಲ ದೊಡ್ಡ ಮೊಬೈಲ್ ಇದೆ, ಅದನ್ನು ಒತ್ತಲು ಬರುತ್ತದೆ ಎಂದುಕೊಂಡೇ ಬರೆದ ಹಾಗಿರುತ್ತದೆ. ನನ್ನ ಹತ್ತಿರ ಇರುವುದು ಗುಂಡಿ ಒತ್ತುವ ಸಣ್ಣ ಫೋನು. ಆದರೆ ಕೂಪನ್ ವಿಷಯದಲ್ಲಿ ನಾನು ಹೊಸಬಳಲ್ಲ.

ನಮ್ಮನೆಯವರು ಖಾಸಗಿ ಕಾರ್ಖಾನೆಯಿಂದ ನಿವೃತ್ತರು. ಪಿಂಚಣಿ ಅಂತ ಬರುವುದು ಗ್ಯಾಸು, ಕರೆಂಟ್ ಬಿಲ್ಲಿಗೆ ಸರಿ ಹೋಗುತ್ತದೆ. ಮಗ, ಸೊಸೆ, ಮೊಮ್ಮಕ್ಕಳು ಸೇರಿ ತುಂಬಿದ ಮನೆ. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಆದ್ದರಿಂದ ದಿನಸಿ ಯಜಮಾನಿಕೆ ಇನ್ನೂ ನನ್ನದೇ. ಪತ್ರಿಕೆಯ ಮಡಿಕೆಯಲ್ಲಿ ಬರುವ ಹ್ಯಾಂಡ್‌ಬಿಲ್ಲು, ಸೋಪಿನ ಪ್ಯಾಕಿನ ಮೇಲಿನ ಚೀಟಿ, ಬಿಲ್ಲಿನ ಜೊತೆ ಕೊಡುವ 'ಮುಂದಿನ ಸಲಕ್ಕೆ 50 ರೂ. ಕಡಿತ' ಎಂಬ ತುಂಡು, ಎಲ್ಲವನ್ನೂ ಕತ್ತರಿಸಿ ಒಂದು ಹಳೇ ಮದುವೆ ಕಾಗದದ ಕವರಿನಲ್ಲಿ ಇಡುತ್ತಿದ್ದೆ. ಮೂಲೆಯಲ್ಲಿ ಪೆನ್ಸಿಲಿನಿಂದ ಕೊನೇ ತಾರೀಕು. ತಾರೀಕು ಹತ್ತಿರ ಬಂದದ್ದು ಮೇಲೆ, ದೂರ ಇರುವುದು ಕೆಳಗೆ.

ಹಾಗಂತ ಸಿಕ್ಕಿದ ಕೂಪನ್ನೆಲ್ಲ ಬಳಸುತ್ತಿರಲಿಲ್ಲ. ನಮ್ಮನೆಯಲ್ಲಿ ಕಾರ್ನ್‌ಫ್ಲೇಕ್ಸ್ ಯಾರೂ ಮುಟ್ಟುವುದಿಲ್ಲ. ಅದಕ್ಕೆ ಅರ್ಧ ಬೆಲೆ ಅಂದರೂ ಆ ಅರ್ಧ ಬೆಲೆ ನಮಗೆ ಖರ್ಚೇ. 'ಸಾವಿರದ ಮೇಲೆ ಕೊಂಡರೆ ನೂರು ಕಡಿತ' ಅಂತಿದ್ದರೆ ಮೊದಲು ಚೀಟಿ ಬರೆದು ಕೂಡಿಸುತ್ತಿದ್ದೆ. ಏಳುನೂರಕ್ಕೆ ನಮ್ಮ ಸಾಮಾನು ಮುಗಿದರೆ ಆ ತಿಂಗಳು ಕೂಪನ್ ಮನೆಯಲ್ಲೇ ಉಳಿಯಿತು. ಇಲ್ಲದಿದ್ದರೆ ನೂರು ಉಳಿಸಲು ಹೋಗಿ ಬೇಡದ ಮುನ್ನೂರರ ಸಾಮಾನು ಕೊಳ್ಳಬೇಕು.

ಕೂಪನ್ನಿನ ಜೊತೆ ತೂಕವನ್ನೂ ನೋಡಬೇಕು. ಎಣ್ಣೆಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ. ಈಗ 850 ಗ್ರಾಮಿನ ಪ್ಯಾಕೂ ಬರುತ್ತದೆ, ದೂರದಿಂದ ನೋಡಿದರೆ ಎರಡೂ ಒಂದೇ ದಪ್ಪ. ಲೀಟರ್ ಪ್ಯಾಕ್ 150 ರೂ., ಕೂಪನ್ ಇಲ್ಲ. 850 ಗ್ರಾಮಿನದು 146 ರೂ., ಮೇಲೆ 5 ರೂ. ಕೂಪನ್. ಯಾರಾದರೂ 141ರದ್ದನ್ನೇ ಎತ್ತಿಕೊಳ್ಳುತ್ತಾರೆ. ಕೇಜಿ ಲೆಕ್ಕದಲ್ಲಿ ಲೀಟರ್ ಪ್ಯಾಕಿನದು 165 ರೂ. ಕೂಡ ಆಗುವುದಿಲ್ಲ, ಕೂಪನ್ ಕಳೆದ ಪ್ಯಾಕಿನದು 166ರ ಹತ್ತಿರ ಬರುತ್ತದೆ!

ಹಿಂದೆ ಎಣ್ಣೆ, ಬಿಸ್ಕತ್ತು, ಟೀ ಪುಡಿ ಮುಂತಾದವನ್ನು ಇಂತಿಷ್ಟೇ ತೂಕದ ಪ್ಯಾಕಿನಲ್ಲಿ ಮಾರಬೇಕು ಅಂತ ಕಾಯ್ದೆಯೇ ಇತ್ತು. 2021ರಲ್ಲಿ ನಿಯಮ ತಿದ್ದಿ ಆ ಪಟ್ಟಿ ತೆಗೆದರು. ಬದಲಿಗೆ ಪ್ಯಾಕಿನ ಮೇಲೆ ಗ್ರಾಮಿಗೆ ಅಥವಾ ಕೇಜಿಗೆ ಎಷ್ಟು ಅಂತ ಬರೆಯಬೇಕು ಎಂದರು. ಒಳ್ಳೆಯದೇ. ಆದರೆ ಕೇಜಿಗಿಂತ ಕಡಿಮೆ ಇದ್ದರೆ ಗ್ರಾಮಿನ ಲೆಕ್ಕ, ಜಾಸ್ತಿ ಇದ್ದರೆ ಕೇಜಿ ಲೆಕ್ಕ. ಒಂದರ ಮೇಲೆ 0.19, ಪಕ್ಕದ್ದರ ಮೇಲೆ 185. ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಸಾವಿರದಿಂದ ಗುಣಿಸಿ ನೋಡಬೇಕು. ಹಿಂದೆ ನಿಂತವರು ಟ್ರಾಲಿ ತಳ್ಳುತ್ತಿರುತ್ತಾರೆ. ಎಲ್ಲದಕ್ಕೂ ಕೇಜಿ ಲೆಕ್ಕವನ್ನೇ ಹಾಕಿದರೆ ಯಾರಿಗೇನು ಕಷ್ಟ?

ಇಷ್ಟೆಲ್ಲ ತಲೆನೋವಿದ್ದರೂ ಕಾಗದದ ಕೂಪನ್ನಿನಿಂದ ನಮಗೆ ಲಾಭ ಇತ್ತು. ಸೋಪು, ಪೇಸ್ಟು, ಬಟ್ಟೆ ಪುಡಿ ಕೆಡುವ ಸಾಮಾನಲ್ಲ. ಆಗಸ್ಟ್ 15, ಜನವರಿ 26ರ ಆಸುಪಾಸಿನಲ್ಲಿ ಆಫರ್ ಜೋರಾಗಿದ್ದಾಗ ಕೂಪನ್ ಕೊಟ್ಟು ತಂದಿಟ್ಟುಬಿಟ್ಟರೆ ಮತ್ತೆ ಆ ಕಡೆ ತಲೆ ಹಾಕುವ ಹಾಗಿರಲಿಲ್ಲ. ಬೇಳೆ ಕಾಳಿಗೆ ಮಾತ್ರ ನಾನು ಇವತ್ತಿಗೂ ನಮ್ಮೂರ ಸಂತೇಪೇಟೆ ಮಾರುಕಟ್ಟೆಗೇ ಹೋಗುವುದು. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಮಾರ್ಚಿನಲ್ಲಿ ಹೊಸದು ಬಂದಾಗ ವರ್ಷಕ್ಕಾಗುವಷ್ಟು ತಂದು, ತಾರಸಿಯಲ್ಲಿ ಒಣಗಿಸಿ ಡಬ್ಬಿ ತುಂಬುತ್ತೇನೆ. ಅಲ್ಲಿ ಕೂಪನ್ನೂ ಇಲ್ಲ, 'ನೀವು ಇಂದು ಇಷ್ಟು ಉಳಿಸಿದ್ದೀರಿ' ಎಂಬ ಬಿಲ್ಲೂ ಇಲ್ಲ. ಆ ಬಿಲ್ಲಿನ ಉಳಿತಾಯ ಎಂಥದ್ದು ಅಂತೀರಾ? ತೊಗರಿಬೇಳೆ ಪ್ಯಾಕಿನ ಎಂಆರ್‌ಪಿ 220, ಅಂಗಡಿಯವರು ಕೊಡುವುದು 148ಕ್ಕೆ. 72 ರೂ. ಉಳಿತಾಯ ಅಂತ ಅಚ್ಚಾಗುತ್ತದೆ. ಸಂತೇಪೇಟೆಯಲ್ಲಿ ಅದೇ ವಾರ ಬಿಡಿಯಾಗಿ 140. ಯಾರೂ ಕೊಡದ 220ರಿಂದ ಲೆಕ್ಕ ಹಾಕಿದರೆ ಉಳಿತಾಯ ಎಷ್ಟು ಬೇಕಾದರೂ ಬರುತ್ತದೆ, ಅಲ್ವಾ?

ಈಗ ನಿಜವಾದ ದೂರಿಗೆ ಬರುತ್ತೇನೆ. ಒಂದೆರಡು ವರ್ಷದಿಂದ ನನ್ನ ಕವರು ಬರಿದಾಗಿದೆ. ಕೂಪನ್ ಎಲ್ಲಾ ಮೊಬೈಲಿಗೆ ಹೋಗಿದೆ. ನಾನು ಹೋಗುವ ಸೂಪರ್ ಮಾರ್ಕೆಟ್ಟಿನಲ್ಲಿ ಒಂದೇ ಶೆಲ್ಫಿನ ಒಂದೇ ಸಾಮಾನಿಗೆ ಎರಡು ಬೆಲೆ. ಆ್ಯಪ್ ಇದ್ದವರಿಗೆ ಒಂದು, ಇಲ್ಲದವರಿಗೆ ಒಂದು. ಕಳೆದ ತಿಂಗಳು ನನ್ನ ಮುಂದೆ ನಿಂತಿದ್ದ ಹುಡುಗ ಬಟ್ಟೆ ಪುಡಿಯ ದೊಡ್ಡ ಪ್ಯಾಕು ಇಟ್ಟು, ಮೊಬೈಲ್ ತೋರಿಸಿ, ಅರವತ್ತು ರೂಪಾಯಿ ಕಡಿಮೆ ಕೊಟ್ಟು ಹೋದ. ನಾನೂ ಅದೇ ಪ್ಯಾಕು ಇಟ್ಟೆ. ಬಿಲ್ ಮಾಡುವ ಹುಡುಗಿ "ಆಂಟಿ, ಕೂಪನ್ ಕೋಡ್ ಇದೆಯಾ?" ಅಂದಳು. ಇಲ್ಲಮ್ಮ, ಅಂದೆ. "ನಂಬರ್ ಹೇಳಿ, ಓಟಿಪಿ ಬರುತ್ತೆ, ಆಮೇಲೆ ಆ್ಯಪ್ ಡೌನ್‌ಲೋಡ್ ಮಾಡಬೇಕು." ಈ ಫೋನಿಗೆ ಆ್ಯಪ್ ಎಲ್ಲಿಂದ ಬರಬೇಕು? ಪಾಪ, ಅವಳೂ ಸಂಬಳದ ಹುಡುಗಿ, ಅವಳದೇನು ತಪ್ಪು. ಪ್ಯಾಕು ವಾಪಸ್ ಇಟ್ಟು ಬಂದೆ.

ಸೊಸೆಯ ಮೊಬೈಲಿನಲ್ಲಿ ಮಾಡಿಸಿ ಅಂತ ಹೇಳುವವರಿದ್ದಾರೆ. ಅವಳು ಮಾಡಿಕೊಡುತ್ತಾಳೆ, ಒಳ್ಳೆ ಹುಡುಗಿ. ಆದರೆ ಓಟಿಪಿ ಬರುವುದು ಅವಳ ಕೈಗೆ, ನಾನು ಇರುವುದು ಕೌಂಟರಿನ ಮುಂದೆ. ಅವಳು ಮೀಟಿಂಗಿನಲ್ಲಿ. ಇನ್ನು ನಮ್ಮ ಬೀದಿ ಕೊನೆಯಲ್ಲಿ ಒಬ್ಬರೇ ಇರುವ ಮೇಷ್ಟ್ರ ಹೆಂಡತಿಗೆ ಸೊಸೆಯೂ ಇಲ್ಲ. ಹತ್ತು ರೂಪಾಯಿ ನೋಡಿ ಖರ್ಚು ಮಾಡುವವರೇ ಜಾಸ್ತಿ ಬೆಲೆ ಕೊಟ್ಟು ಬರುತ್ತಿದ್ದಾರೆ. ಕೂಪನ್ ಇರುವುದು ಅಂಥವರಿಗಲ್ಲದೆ ಇನ್ಯಾರಿಗೆ?

ನಂಬರು ಕೊಡುವ ವಿಷಯವೂ ಇದೆ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಸೂಚನೆ ಕೊಟ್ಟಿದೆ. ಈಗ ಒತ್ತಾಯ ಮಾಡುವುದಿಲ್ಲ, ನಿಜ. ಕೊಡದಿದ್ದರೆ ಅರವತ್ತು ರೂಪಾಯಿ ಜಾಸ್ತಿ, ಅಷ್ಟೇ.

ಅಂಗಡಿಯವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಆ್ಯಪ್ ಇರಲಿ, ಹುಡುಗರಿಗೆ ಅದೇ ಸುಲಭ. ಅದರ ಜೊತೆ ಬಾಗಿಲ ಹತ್ತಿರ ಅದೇ ಆಫರಿನ ಕಾಗದದ ಚೀಟಿಯನ್ನೂ ಇಡಿ. ಕತ್ತರಿಸಿ ತಂದವರಿಗೆ ಅದೇ ಕಡಿತ ಕೊಡಿ. ಶೆಲ್ಫಿನ ಪಟ್ಟಿಯಲ್ಲಿ ಎರಡೂ ಬೆಲೆ ಕನ್ನಡದಲ್ಲಿ, ಕಾಣುವ ಹಾಗೆ ಬರೆಯಿರಿ. ಬಿಲ್ ಆದ ಮೇಲೆ ಗೊತ್ತಾದರೆ ಏನು ಪ್ರಯೋಜನ. ತೂಕ, ಅಳತೆ ಸರಿ ಇದೆಯಾ ಅಂತ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅಂಗಡಿಗಳಿಗೆ ಬಂದಾಗ ತೂಕದ ಯಂತ್ರದ ಜೊತೆಗೆ ಪ್ಯಾಕಿನ ಮೇಲಿನ ಆ ಗ್ರಾಮಿನ ಬೆಲೆ ಓದಲು ಆಗುತ್ತದಾ ಅಂತಲೂ ಒಮ್ಮೆ ನೋಡಲಿ. ಕನ್ನಡಕ ಹಾಕಿಕೊಂಡೇ ನೋಡಲಿ, ಬೇಡ ಅನ್ನುವುದಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಮಾತು. ಜಾಹೀರಾತಿನಲ್ಲಿ ಕತ್ತರಿಸಿಕೊಳ್ಳುವ ಕೂಪನ್ ಹಾಕಲು ಅಂಗಡಿಯವರಿಗೆ ನೀವೂ ಹೇಳಿ, ನಮ್ಮಂಥವರು ಪತ್ರಿಕೆ ಇನ್ನೂ ದುಡ್ಡು ಕೊಟ್ಟೇ ತರಿಸುತ್ತಿದ್ದೇವೆ. ಹಾಕಿದಾಗ ಮಾತ್ರ ಅದರ ಹಿಂಬದಿಗೆ ಪದಬಂಧ ಬಾರದ ಹಾಗೆ ನೋಡಿಕೊಳ್ಳಿ. ನಮ್ಮನೆಯವರು ಅದನ್ನು ಮುಗಿಸುವ ತನಕ ಕತ್ತರಿ ಮುಟ್ಟಲು ಬಿಡುವುದಿಲ್ಲ, ಅಷ್ಟರಲ್ಲಿ ಕೂಪನ್ನಿನ ತಾರೀಕು ಮುಗಿದಿರುತ್ತದೆ.

– ಹಿರಿಯ ಗೃಹಿಣಿ, ಕುವೆಂಪುನಗರ, ಮೈಸೂರು