ಟಿಕೆಟ್ ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಚಿ. ಪ್ರಣವನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಅಕ್ಕನನ್ನು ಕರೆದುಕೊಂಡು ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿರುವುದು ಸಂತೋಷ. ಬೆಂಗಳೂರಿಂದ 14,000 ಕಿ.ಮೀ., ವಿಮಾನದ ವೇಗ ಗಂಟೆಗೆ 900, ಹಾಗಾದರೆ ಹದಿನೈದೂವರೆ ಗಂಟೆ ಎಂದು ಬರೆದಿದ್ದೀಯ. ಭಾಗಾಕಾರವೇನೋ ಸರಿ, ಪ್ರಯಾಣ ಹಾಗಿರುವುದಿಲ್ಲ. ಆ 14,000 ನೇರ ದಾರಿಯದು. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡು, ಉತ್ತರ ಧ್ರುವದ ಕಡೆಗೆ ಬಾಗಿ ಸೈಬೀರಿಯಾದ ಮೇಲೆ ಹಾದುಹೋಗುತ್ತದೆ. ನಡುವೆ ವಿಮಾನ ಬದಲಿಸಿದರೆ ದೂರವೇ ಬೇರೆ: ದುಬೈ ಮೇಲೆ ಸುಮಾರು 2,700 ಮತ್ತು 13,000, ಫ್ರಾಂಕ್‌ಫರ್ಟ್ ಮೇಲೆ ಸುಮಾರು 7,400 ಮತ್ತು 9,150. ಎರಡಕ್ಕೂ 850 ಕಿ.ಮೀ. ಅಂತರ, ಹಾರಾಟದಲ್ಲಿ ಒಂದು ಗಂಟೆಯೂ ಅಲ್ಲ. ಆದರೆ ದುಬೈನಿಂದಾಚೆ ಒಂದೇ ಸಮ ಹದಿನಾರು ಗಂಟೆ ಕೂರಬೇಕು. ಅಕ್ಕನ ಮಂಡಿನೋವಿಗೆ ಫ್ರಾಂಕ್‌ಫರ್ಟಿನ ಎರಡು ಪಾಲೇ ವಾಸಿ. ವೀಲ್‌ಚೇರನ್ನು ಟಿಕೆಟ್ ಮಾಡಿಸುವಾಗಲೇ ಕೇಳು, ಅದಕ್ಕೆ ದುಡ್ಡಿಲ್ಲ.

ಟಿಕೆಟ್ಟಿನ ಮೇಲಿರುವುದೆಲ್ಲ ಆಯಾ ಊರಿನ ಗಡಿಯಾರ. ಬೆಳಗಿನ ಜಾವ 4:20ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 1ಕ್ಕೆ ಇಳಿಯುತ್ತೇವೆಂದರೆ ಎಂಟು ಗಂಟೆ ನಲವತ್ತು ನಿಮಿಷವಲ್ಲ. ಚಳಿಗಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನೀವು ಹೊರಡುವಾಗ ಅಲ್ಲಿ ಹಿಂದಿನ ದಿನ ಮಧ್ಯಾಹ್ನ 2:50. ಅಲ್ಲಿಂದ ಎಣಿಸು: 22 ಗಂಟೆ 10 ನಿಮಿಷ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ. ವಾಪಸು ಬರುವಾಗ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗಿರುವುದರಿಂದ ಹಾರಾಟ ಕಡಿಮೆ, ಆದರೆ ಕ್ಯಾಲೆಂಡರಿನಲ್ಲಿ ಹೆಚ್ಚು ಕಾಣುತ್ತದೆ: ಸೋಮವಾರ ಸಂಜೆ ಹತ್ತಿದವರು ಬುಧವಾರ ನಸುಕಿಗೆ ಇಳಿಯುತ್ತಾರೆ. ಗಾಬರಿಯಾಗಬೇಡ.

ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನ ಹತ್ತಿಸುವುದು ವಿಮಾನ ಸಂಸ್ಥೆಯ ಹೊಣೆ. ನಾಲ್ಕು ಕಾಸು ಉಳಿಯುತ್ತದೆಂದು ಬೇರೆ ಬೇರೆ ಟಿಕೆಟ್ ಮಾಡಿದರೆ ಅದು ನಿನ್ನ ತಲೆಗೇ. ನಡುವೆ ಮೂರು ಗಂಟೆ ಬಿಡುವಿರಲಿ. ಒಂದೂ ಕಾಲು ಗಂಟೆಯ ಬಿಡುವು ತೋರಿಸುವ ಟಿಕೆಟ್ಟನ್ನು ವೀಲ್‌ಚೇರ್ ಬೇಕಾದವರಿಗೆ ಮುಟ್ಟಲೇಬೇಡ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಸಿಯಾಟಲ್ಲಿಗೂ ಹೋಗುವ ಯೋಚನೆಯಿದ್ದರೆ, ಅಮೆರಿಕದಲ್ಲಿ ಮೊದಲು ಇಳಿದಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕಾಗುತ್ತದೆ. ಅಲ್ಲೂ ಮೂರು ಗಂಟೆ ಇಟ್ಟುಕೊ.

ಇನ್ನು ತಾರೀಖು. 12ನೇ ತಾರೀಖು 1:30 ಎಂದಿದ್ದರೆ ಅದು 11ರ ರಾತ್ರಿ ಕಳೆದು ಬರುವ 1:30. 12ರ ರಾತ್ರಿ ಪೆಟ್ಟಿಗೆ ಹಿಡಿದು ಬಂದು ನಿಂತವರು ಕಮ್ಮಿಯೇನಿಲ್ಲ. ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತಾರೆ. ಮೈಸೂರಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತದೆ, ಆದ್ದರಿಂದ 11ರ ಸಂಜೆ 5ಕ್ಕೆಲ್ಲ ಬಸ್ಸಿನಲ್ಲಿರಬೇಕು.

ಟಿಕೆಟ್ ಗೊತ್ತುಮಾಡುವ ಮುಂಚೆ ವೇಳೆಗಳನ್ನು ವಾಟ್ಸಾಪಿನಲ್ಲಿ ಕಳಿಸು, ನೋಡುತ್ತೇನೆ.

ನಿನ್ನ ಮಾವ