ಗ್ರಾಜುಯೇಶನ್ ಡೇ ಮೈದಾನದಲ್ಲೇ ಮಾಡಿ, ಆದ್ರೆ ಮಟಮಟ ಮಧ್ಯಾಹ್ನ ಬೇಡ

ಮಾನ್ಯ ಸಂಪಾದಕರೇ,

ಪರೀಕ್ಷೆ ಮುಗಿಸಿದ ಮಕ್ಕಳು ಕೆಲಸ ಅಂತ ದಿಕ್ಕಿಗೊಬ್ರು ಹೋಗೋದ್ರೊಳಗೆ ಗ್ರಾಜುಯೇಶನ್ ಡೇ ಮುಗಿಸ್ಬೇಕು ಅನ್ನೋ ಅವಸರ ಕಾಲೇಜಿನವ್ರಿಗೆ ಇರುತ್ತೆ, ಅಷ್ಟು ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜಿ ತಾತ ಎಲ್ಲಾ ಆಡಿಟೋರಿಯಂನಲ್ಲಿ ಹಿಡಿಸಲ್ಲ, ಹಂಗಾಗಿ ಮೈದಾನದಲ್ಲಿ ಸ್ಟೇಜ್ ಹಾಕ್ತಾರೆ. ಅದು ಸರಿನೇ. ಬಯಲಲ್ಲಿ ಮಾಡಿದ್ರೆ ಮನೆಮಂದಿಯೆಲ್ಲಾ ಹೋಗ್ಬಹುದು, ನಮ್ಮಂಥೋರಿಗೆ ಅದೇ ಬೇಕಾಗಿದ್ದು. ಆದ್ರೆ ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ಮಧ್ಯಾಹ್ನ ಎರಡಕ್ಕೆ ಮುಗಿಸೋದು ಯಾಕೆ ಅಂತ ಕೇಳೋಕೆ ಈ ಪತ್ರ ಬರೀತಿದೀನಿ.

ನಮ್ಮ ಮಗಳದ್ದು ಈ ವರ್ಷ ಆಯ್ತು. ಇನ್ವಿಟೇಶನ್‌ನಲ್ಲಿ ಹತ್ತು ಗಂಟೆ ಅಂತಿತ್ತು, ಒಂಬತ್ತೂವರೆಗೇ ಕೂತ್ಕೊಳ್ಳಿ ಅಂದ್ರು, ಚೀಫ್ ಗೆಸ್ಟ್ ಬಂದು ದೀಪ ಹಚ್ಚೋ ಹೊತ್ತಿಗೆ ಹನ್ನೊಂದು ದಾಟಿತ್ತು. ಸ್ಟೇಜ್ ಮೇಲೆ ಕೂಲರ್ ಇತ್ತು, ಮುಂದಿನ ಸಾಲುಗಳಿಗೆ ಪೆಂಡಾಲ್ ಇತ್ತು, ಪೋಷಕರ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಅದರಾಚೆ ಬಯಲಲ್ಲಿ. ನೀರಿನ ಕ್ಯಾನ್ ಗೇಟಿನ ಹತ್ರ. ನಮ್ಮತ್ತೆಗೆ ಎಪ್ಪತ್ತು ದಾಟಿದೆ, ಸೆರಗು ತಲೆ ಮೇಲೆ ಎಳ್ಕೊಂಡು ಕೂತಿದ್ರು. ಮರದ ಕೆಳಗೆ ಹೋಗಣ ಬನ್ನಿ ಅತ್ತೆ ಅಂದ್ರೆ ಕೇಳ್ಲಿಲ್ಲ, "ಮೊಮ್ಮಗಳ ಹೆಸರು ಕೂಗ್ದಾಗ ನಾನಿಲ್ಲಿರ್ಬೇಕು ಕಣಮ್ಮ" ಅಂದ್ರು. ನಮ್ಮ ಮನೇಲಿ ಡಿಗ್ರಿ ಮಾಡಿದ ಮೊದಲ ಹೆಣ್ಮಗಳು ಅವ್ಳು, ಸ್ಕೂಲ್ ಫೀಸಿಗೆ ಅಂತ ಹಾಲು ಮಾರಿದ ದುಡ್ಡು ತೆಗೆದಿಟ್ಟೋರು ನಮ್ಮತ್ತೆ. ಭಾಷಣದ ಮೇಲೆ ಭಾಷಣ ಆಯ್ತು, ಕಾಲೇಜಿನ ಪ್ಲೇಸ್‌ಮೆಂಟ್ ವರದಿ ಪೂರ್ತಿ ಓದಿದ್ರು, ಹೆಸರು ಕೂಗೋಕೆ ಶುರುಮಾಡೋಷ್ಟರಲ್ಲಿ ಅತ್ತೆಗೆ ತಲೆಸುತ್ತು ಬಂತು. ನಾವಿಬ್ರು ಗಂಡ ಹೆಂಡ್ತಿ ಅವರನ್ನ ಹಿಡ್ಕೊಂಡು ಕ್ಯಾಂಟೀನ್ ಕಡೆ ಹೋದ್ವಿ, ಅಲ್ಲಿ ಒಬ್ಬ ಹುಡುಗ ಓಡಿಹೋಗಿ ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ ತಂದುಕೊಟ್ಟ, ಆ ಮಗು ಚೆನ್ನಾಗಿರ್ಲಿ. ಮಗಳ ಹೆಸರು ಮೈಕಲ್ಲಿ ಬಂದಿದ್ದು ಕ್ಯಾಂಟೀನ್ ಗೋಡೆ ಆಚೆಯಿಂದ ಕೇಳ್ತು, ಅವ್ಳು ಸ್ಟೇಜ್ ಹತ್ತಿದ್ದು ಮೂರು ಜನದಲ್ಲಿ ಒಬ್ರೂ ನೋಡ್ಲಿಲ್ಲ.

ಅದೇನು ದೊಡ್ಡದು, ವೀಡಿಯೋ ಇರುತ್ತಲ್ಲ ಅಂತ ಕೆಲವ್ರು ಹೇಳಿದ್ರು. ಆದ್ರೆ ಇಂಜಿನಿಯರಿಂಗ್ ಮಕ್ಕಳಿಗೆ ಡಿಗ್ರಿ ಕೊಡೋ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಘಟಿಕೋತ್ಸವ ಆಗೋದು ಬೆಳಗಾವಿಲಿ, ಅಲ್ಲಿ ರಾಜ್ಯಪಾಲರ ಕೈಯಿಂದ ತಗೊಳ್ಳೋರು ಚಿನ್ನದ ಪದಕದವ್ರು, ಪಿಎಚ್‌ಡಿಯವ್ರು. ಫಸ್ಟ್ ಕ್ಲಾಸಲ್ಲಿ ಪಾಸಾದ ಮಿಕ್ಕ ಮಕ್ಕಳಿಗೆ ಕಾಲೇಜಿನ ಈ ಒಂದು ಸ್ಟೇಜೇ ಗತಿ. ಅವತ್ತು ಕೈಗೆ ಕೊಡೋದು ಎಷ್ಟೋ ಕಡೆ ಬರೀ ಫೈಲು, ಸರ್ಟಿಫಿಕೇಟ್ ಆಮೇಲೆ ಬರುತ್ತೆ, ಅಂದ್ಮೇಲೆ ಆ ಕಾರ್ಯಕ್ರಮ ಇರೋದೇ ಮನೆಯವ್ರು ಕಣ್ತುಂಬ ನೋಡ್ಲಿ ಅಂತ ಅಲ್ವಾ.

ಬಿಸಿಲನ್ನ ಹಗುರವಾಗಿ ತಗೋಬಾರ್ದು. 2023ರ ಏಪ್ರಿಲ್ 16ಕ್ಕೆ ನವಿ ಮುಂಬೈನ ಖಾರ್‌ಘರ್‌ನಲ್ಲಿ ಮಹಾರಾಷ್ಟ್ರ ಸರ್ಕಾರದ ಪ್ರಶಸ್ತಿ ಸಮಾರಂಭ ಬಯಲಲ್ಲೇ ನಡೀತು, ಗಂಟೆಗಟ್ಟಲೆ ಬಿಸಿಲಲ್ಲಿ ಕೂತ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತೀರ್ಕೊಂಡ್ರು. ತಂಪು ಊರು ಅನ್ನಿಸ್ಕೊಂಡ ಬೆಂಗಳೂರಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು, ನಮ್ಮ ಚಿತ್ರದುರ್ಗ, ಬಳ್ಳಾರಿ, ರಾಯಚೂರು ಕಡೆ ಹೇಳೋದೇ ಬೇಡ. ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಬರ್ಬೇಡಿ ಅಂತ ಪ್ರತಿ ಬೇಸಿಗೇಲೂ ಸರ್ಕಾರವೇ ಹೇಳುತ್ತೆ.

ಮಕ್ಕಳ ಪಾಡು ಇನ್ನೊಂದು. ಆ ಕರಿ ಪಾಲಿಸ್ಟರ್ ಗೌನು ಹಾಕ್ಕೊಂಡು ಬೆವರು ಇಳಿಸ್ಕೊಂಡು ಲೈನಲ್ಲಿ ನಿಂತಿರ್ತಾರೆ. 2010ರಲ್ಲಿ ಆಗಿನ ಕೇಂದ್ರ ಮಂತ್ರಿ ಜೈರಾಂ ರಮೇಶ್ ಭೋಪಾಲದ ಘಟಿಕೋತ್ಸವದಲ್ಲಿ ಸ್ಟೇಜ್ ಮೇಲೇ ಗೌನು ತೆಗೆದುಹಾಕಿದ್ರು, 2019ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸಿ ಅಂತ ವಿಶ್ವವಿದ್ಯಾಲಯಗಳಿಗೆ ಬರೀತು. ನಮ್ಮಲ್ಲಿ ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರು ಇಷ್ಟೆಲ್ಲಾ ನೇಕಾರರ ಊರಿವೆ, ಒಂದು ಹತ್ತಿ ಶಲ್ಯ ಹೊದಿಸಿದ್ರೆ ಸಾಕು, ಬಾಡಿಗೆ ಗೌನು ಯಾಕೆ ಬೇಕು. ಶಾಂತಿನಿಕೇತನದ ವಿಶ್ವಭಾರತೀಲಿ ಮಾವಿನ ತೋಪಲ್ಲೇ ಘಟಿಕೋತ್ಸವ ಮಾಡೋ ಪದ್ಧತಿ ಇದೆ, ಪದವಿ ಜೊತೆ ಸಪ್ತಪರ್ಣಿ ಮರದ ಎಲೆ ಕೊಡೋದೂ ಅಲ್ಲಿನ ಸಂಪ್ರದಾಯ. ಬಯಲು ಅಂದ್ರೆ ಹಂಗೆ, ಮರದ ನೆರಳು ಇರ್ಬೇಕು.

ಪ್ರಿನ್ಸಿಪಾಲರಲ್ಲಿ, ಮ್ಯಾನೇಜ್‌ಮೆಂಟಿನವ್ರಲ್ಲಿ ಕೈಮುಗಿದು ಕೇಳೋದಿಷ್ಟೇ. ಸಂಜೆ ನಾಲ್ಕೂವರೆ ಮೇಲೆ ಇಡಿ, ಮೇನಲ್ಲಿ ಆರೂವರೆವರೆಗೂ ಬೆಳಕಿರುತ್ತೆ, ಆಮೇಲೆ ಲೈಟ್ ಹಾಕಿದ್ರಾಯ್ತು. ಮಳೆ ಬರ್ಬಹುದು ಅಂತೀರಾ, ಅದಕ್ಕೂ ಬೇಕಾಗಿರೋದು ಪೆಂಡಾಲೇ. ಮೊದಲು ಹೆಸರು ಕೂಗಿ, ಭಾಷಣ ಆಮೇಲೆ ಇಟ್ಕೊಳ್ಳಿ. ವಯಸ್ಸಾದವ್ರನ್ನ ಮುಂದೆ ಕೂರಿಸಿ, ಒಬ್ಬ ಡಾಕ್ಟ್ರು, ಓಆರ್‌ಎಸ್ ಪಾಕೆಟ್ಟು ಅಲ್ಲೇ ಇರ್ಲಿ. ಪೆಂಡಾಲಿಗೆ ದುಡ್ಡು ಸಾಲಲ್ಲ ಅಂದ್ರೆ ಗೌನಿಗೆ ಅಂತ ಇಸ್ಕೊಳ್ಳೋದನ್ನ ಅದಕ್ಕೆ ಹಾಕಿ, ಇನ್ನೂ ಕಮ್ಮಿ ಬಿದ್ರೆ ಪೋಷಕರನ್ನ ಕೇಳಿ, ನಾವು ಕೊಡ್ತೀವಿ.

– ಒಬ್ಬ ವಿದ್ಯಾರ್ಥಿನಿಯ ತಾಯಿ, ಚಿತ್ರದುರ್ಗ ಜಿಲ್ಲೆ