ಇಲಿಗೇಕೆ ಕರೆಂಟು ಎಂದು ಕೇಳಿದವರ ಪರವಾಗಿ ತಾವೇ ಉತ್ತರಿಸಿ, ಉಸ್ತುವಾರಿ ಸಚಿವರೇ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಮ್ಮ ಕಾಲೇಜಿನಲ್ಲಿ ಪ್ರಯೋಗದ ಇಲಿಗಳಿರುವ ಪ್ರಾಣಿಗೃಹಕ್ಕೆ ಪ್ರತ್ಯೇಕ ಫೀಡರ್ (ಅದಕ್ಕಷ್ಟೇ ಮೀಸಲಾದ ವಿದ್ಯುತ್ ಲೈನು) ಕೊಡಿ, ಅದಾಗದಿದ್ದರೆ ಕರೆಂಟು ತೆಗೆಯುವ ಹಿಂದಿನ ದಿನವೇ ತಿಳಿಸಿ ಎಂದು ಮೂರು ಮಳೆಗಾಲದಿಂದ ವಿದ್ಯುತ್ ಕಚೇರಿಗೆ ಅರ್ಜಿ ಕೊಡುತ್ತಿದ್ದೇವೆ. ಈ ಆಷಾಢದಲ್ಲಿ ಸಿಕ್ಕ ಉತ್ತರ: “ಇಲಿಗೇಕ್ರೀ ಕರೆಂಟು?”

ಏಕೆಂದು ಹೇಳುತ್ತೇವೆ. ಇಲ್ಲಿ ಆತಂಕದ ಮದ್ದುಗಳನ್ನು ಬಿಳಿ ಇಲಿಗಳಲ್ಲಿ ಪರೀಕ್ಷಿಸುತ್ತಾರೆ. ಕೂಡಿಸುವ ಚಿಹ್ನೆಯಂಥ ಹಲಗೆಯೊಂದು ನೆಲದಿಂದ 45 ಸೆಂ.ಮೀ. ಎತ್ತರದಲ್ಲಿರುತ್ತದೆ. ತೋಳು ಒಂದೊಂದೂ 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ಎದುರುಬದುರಿನ ಎರಡು ತೋಳಿಗೆ 15 ಸೆಂ.ಮೀ. ಗೋಡೆ, ಉಳಿದೆರಡು ಬಯಲು. ಇಲಿಯನ್ನು ನಡುವೆ ಬಿಟ್ಟು ಐದು ನಿಮಿಷ ಕ್ಯಾಮೆರಾದಲ್ಲಿ ನೋಡುತ್ತಾರೆ. ಹೆದರಿದ ಇಲಿ ಗೋಡೆಯ ಮರೆ ಬಿಡುವುದಿಲ್ಲ. ಅರ್ಧ ಗಂಟೆ ಮೊದಲು ಕೆ.ಜಿ. ತೂಕಕ್ಕೆ 1 ಮಿ.ಗ್ರಾಂ. ಲೆಕ್ಕದಲ್ಲಿ ಆತಂಕ ತಗ್ಗಿಸುವ ಡಯಾಜೆಪಾಮ್ ಮದ್ದು ಚುಚ್ಚಿದರೆ ಬಯಲಿಗೆ ಹೆಚ್ಚು ಹೊತ್ತು ಬರುತ್ತದೆ. ನಮ್ಮ ಮಲೆನಾಡಿನವರು ತಂಬುಳಿಗೆ ಅರೆಯುವ ಒಂದೆಲಗದ ಸಾರವನ್ನು ಇದೇ ಅಳತೆಗೋಲಿಗೆ ಹಚ್ಚಿ ನೋಡುತ್ತಿದ್ದೇವೆ.

ಈ ಅಳತೆಗೆ ಬೆಳಕು ಒಂದೇ ಸಮ ಇರಬೇಕು. ವೋಲ್ಟೇಜ್ ಇಳಿದು ಬಲ್ಬು ಮಂಕಾದರೆ ಇಲಿ ಬಯಲಿಗೆ ನುಗ್ಗುತ್ತದೆ. ಆ ಧೈರ್ಯ ಮದ್ದಿನದೋ ಮಂಕು ಬೆಳಕಿನದೋ ಹೇಳುವವರು ಯಾರು? ಪಂಜರದ ಕೋಣೆಯಲ್ಲಿ 12 ಗಂಟೆ ಬೆಳಕು, 12 ಗಂಟೆ ಕತ್ತಲೆ. ಅದನ್ನು ನಡೆಸುವ ಟೈಮರ್ ಕರೆಂಟಿನಲ್ಲೇ ಓಡುವಂಥದ್ದು. ಮೂರು ಗಂಟೆ ಕರೆಂಟಿಲ್ಲದಿದ್ದರೆ ಅದೂ ಮೂರು ಗಂಟೆ ಹಿಂದೆ ಬೀಳುತ್ತದೆ. ಯಾರೂ ಗಮನಿಸದಿದ್ದರೆ ಇಲಿಗಳ ಹಗಲು ರಾತ್ರಿಯೇ ಜರುಗಿಹೋಗುತ್ತದೆ. ಎಕ್ಸಾಸ್ಟ್ ಫ್ಯಾನ್ ನಿಂತರೆ ಮಳೆಗಾಲದ ತೇವಕ್ಕೆ ಭತ್ತದ ಹೊಟ್ಟಿನ ಹಾಸು ಒದ್ದೆಯಾಗಿ ಅಮೋನಿಯಾ ಏರುತ್ತದೆ. ಪ್ರಾಣಿಗೃಹದ ತೇವಾಂಶ 70 ಶೇಕಡ ದಾಟಬಾರದೆಂಬ ಮಾರ್ಗಸೂಚಿ ತಮಗೆ ತಿಳಿದೇ ಇದೆ.

ಜನರೇಟರ್ ಇಲ್ಲವೇ ಎನ್ನಬಹುದು. ಇದೆ. ಅದರ ಸದ್ದು, ಅದುರು ಎರಡೂ ಇಲಿಗೆ ಹೊಸ ಆತಂಕ.

ಕಳೆದ ತಿಂಗಳು ಎಂಟೆಂಟರ ನಾಲ್ಕು ಗುಂಪು, ಒಟ್ಟು 32 ಇಲಿಗಳ ಪರೀಕ್ಷೆಯಿತ್ತು. ಹನ್ನೆರಡನೆಯದು ಬಯಲು ತೋಳಿನ ತುದಿಯಲ್ಲಿದ್ದಾಗ, ಮೂರನೇ ನಿಮಿಷದಲ್ಲಿ, ಕಿಟಕಿಯಿಲ್ಲದ ಕೋಣೆ ಕತ್ತಲಾಯಿತು. ಇಲಿ ನೆಲಕ್ಕೆ ಬಿತ್ತು. ಮುಂದಿನ ನಾಲ್ಕಕ್ಕೆ ಆಗಲೇ ಮದ್ದು ಚುಚ್ಚಿ ಆಗಿತ್ತು. ಕರೆಂಟು ಬಂದದ್ದು ಸಂಜೆ. ಗಾಳಿಗೆ ಮರ ಬಿದ್ದಿದ್ದರೆ ಯಾರನ್ನೂ ದೂರುತ್ತಿರಲಿಲ್ಲ, ಸ್ವಾಮಿ. ಅಂದು ಲೈನಿಗೆ ತಾಗುವ ಕೊಂಬೆ ಕಡಿಯಲೆಂದು ಮೊದಲೇ ನಿಗದಿಯಾಗಿದ್ದ ಕೆಲಸ! ಒಂದು ಫೋನ್ ಮಾಡಿದ್ದರೆ ಪರೀಕ್ಷೆಯನ್ನು ಮರುದಿನಕ್ಕೆ ಹಾಕುತ್ತಿದ್ದೆವು.

ನಾಳೆ ಮತ್ತೆ ಮಾಡಿ ಎಂದರು ವಿದ್ಯುತ್ ಕಚೇರಿಯವರು. ಒಮ್ಮೆ ಈ ಹಲಗೆ ಏರಿದ ಇಲಿಯನ್ನು ಮತ್ತೆ ಏರಿಸಿ ಪ್ರಯೋಜನವಿಲ್ಲ. ಎರಡನೇ ಸಲ ಅದು ಮರೆಗೇ ಅಂಟಿಕೊಳ್ಳುತ್ತದೆ, ಡಯಾಜೆಪಾಮ್ ಕೂಡ ಅದರ ಮೇಲೆ ನಡೆಯುವುದಿಲ್ಲ. ಅರ್ಧ ಗುಂಪನ್ನು ಒಂದು ದಿನ, ಇನ್ನರ್ಧವನ್ನು ಇನ್ನೊಂದು ಸ್ಥಿತಿಯಲ್ಲಿ ಅಳೆದು ಹೋಲಿಸುವುದೂ ಸಲ್ಲ. ಅಂದರೆ ಮತ್ತೆ 32 ಇಲಿ, ಮತ್ತೆ ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯ ಮುಂದೆ ಅರ್ಜಿ. ಪ್ರಾಣಿಗಳನ್ನು ಸಾಧ್ಯವಾದಷ್ಟು ಕಡಿಮೆ ಬಳಸಿ ಎಂದು ಸರ್ಕಾರವೇ ಹೇಳುತ್ತದೆ. ನಾವೂ ಅದನ್ನು ಮನಸಾರೆ ಒಪ್ಪಿದವರು. ಒಂದೊಂದು ಇಲಿಯ ಲೆಕ್ಕವನ್ನೂ ಬರೆದಿಡುತ್ತೇವೆ. ಆ ಪುಸ್ತಕದಲ್ಲಿ ಈ 32ರ ಮುಂದೆ ಏನೆಂದು ಬರೆಯೋಣ?

ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020ರಲ್ಲೇ ಬಂದಿದೆ. ಅದರಲ್ಲಿ ದಿನದ 24 ಗಂಟೆ ಪೂರೈಕೆಯ ಮಾತಿದೆ. ತಮಗೆ ಬಿಡಿಸಿ ಹೇಳಬೇಕಿಲ್ಲ. ಪ್ರತ್ಯೇಕ ಫೀಡರ್ ಕೊಡಿಸಿ. ಅದಕ್ಕೆ ಸಮಯ ಬೇಕಿದ್ದರೆ, ಅಲ್ಲಿಯವರೆಗೆ ಹಿಂದಿನ ದಿನ ಸಂಜೆ ಐದರೊಳಗೆ ತಿಳಿಸುವಂತೆ ಲಿಖಿತ ಆದೇಶ ಮಾಡಿ. ಭರವಸೆ ಸಾಕಾಗಿದೆ, ನಮಗೆ ಬೇಕಿರುವುದು ಆದೇಶ. ಮುಂದಿನ ಗುಂಪಿನ ಪರೀಕ್ಷೆ ದೀಪಾವಳಿ ಮುಗಿದ ಮರುವಾರ. ಅಷ್ಟರೊಳಗೆ ಫೀಡರ್, ಇಲ್ಲವೇ ಆ ಒಂದು ಫೋನ್.

ಇಂತಿ,
ಪ್ರಾಣಿಗೃಹದ ಸಿಬ್ಬಂದಿ ಮತ್ತು ಸಂಶೋಧನಾ ವಿದ್ಯಾರ್ಥಿಗಳು
ಶಿವಮೊಗ್ಗ